ಹನ್ನೆರಡು ಸಾವಿರದ ಏರ್ ರೈಫಲ್: ಇನ್ನೆಷ್ಟು ಸುರಿಯಬೇಕು, ಎಲ್ಲಿ ಸುರಿಯಬೇಕು

ಬಳ್ಳಾರಿ, ತೋರಣಗಲ್ಲು, ಸಿರುಗುಪ್ಪದ ಕಡೆ ಗುರಿ ಹೊಡೆಯುವ ಹುಚ್ಚು ಹತ್ತಿದವರು ಮೊದಲು ತರಿಸುವುದು ಸಾಮಾನ್ಯವಾಗಿ ಒಂದೇ ಬಗೆಯ ರೈಫಲ್: ದೇಶದಲ್ಲೇ ತಯಾರಾದ, ನಳಿಗೆ ಮಡಚಿ ಸ್ಪ್ರಿಂಗ್ ಏರಿಸುವ .177 ಬೋರಿನ (ನಳಿಗೆಯ ಒಳವ್ಯಾಸ 0.177 ಇಂಚು, ಅಂದರೆ 4.5 ಮಿ.ಮೀ.) ಏರ್ ರೈಫಲ್. ಬೆಲೆ ಹತ್ತರಿಂದ ಹದಿನೈದು ಸಾವಿರದ ಆಸುಪಾಸು. ಇಲ್ಲಿ ಒಂದು ಕಂಪನಿಯ ಒಂದು ಮಾಡೆಲ್ಲನ್ನಲ್ಲ, ಈ ದರ್ಜೆಯ ರೈಫಲನ್ನೇ ತೂಗಿ ನೋಡಿದ್ದೇವೆ. ಇವುಗಳ ಗುಣವೂ ದೋಷವೂ ಹೆಚ್ಚುಕಡಿಮೆ ಒಂದೇ. ಕೊಳ್ಳಬಹುದು, ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ಡಬ್ಬಿಯಿಂದ ಬಂದಹಾಗೇ ಹೊಡೆದರೆ ಇದು ಅರ್ಧ ರೈಫಲ್. ಉಳಿದರ್ಧವನ್ನು ಬಡಗಿಯ ಅಂಗಡಿಯಲ್ಲಿ, ಹಾರ್ಡ್‌ವೇರ್ ಅಂಗಡಿಯಲ್ಲಿ, ಮನೆಯ ಮೇಜಿನ ಮೇಲೆ ನಾವೇ ಮಾಡಿಕೊಳ್ಳಬೇಕು.

ಕಸ್ಟಮ್ ರೈಫಲ್ ಅಂದಕೂಡಲೇ ವಿದೇಶಿ ವಿಡಿಯೊ ನೋಡಿದವರ ತಲೆಗೆ ಬರುವುದು ಆಕ್ಷನ್ (ಗುಂಡು ತುಂಬಿ ಸಿಡಿಸುವ ಯಂತ್ರಭಾಗ) ಒಂದು ಕಡೆಯಿಂದ, ನಳಿಗೆ ಇನ್ನೊಂದು ಕಡೆಯಿಂದ ತರಿಸಿ ಲೇತ್ ಮೇಲೆ ಕೂಡಿಸುವ ಕೆಲಸ. ನಮ್ಮಲ್ಲಿ ಅದು ಜೈಲಿನ ದಾರಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಬಂದೂಕು ತಯಾರಿಸುವುದು, ಮಾರ್ಪಡಿಸುವುದು ಅಪರಾಧ. 2019ರ ತಿದ್ದುಪಡಿಯ ನಂತರ ಅಕ್ರಮ ತಯಾರಿಕೆಗೆ ಕನಿಷ್ಠ ಏಳು ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ ಇದೆ. ಬೇಟೆಯ ಮಾತಂತೂ ಎತ್ತುವಂತೆಯೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಅಧ್ಯಾಯ ಮುಗಿಯಿತು. ದರೋಜಿಯ ಕರಡಿಧಾಮ, ಅಂಕಸಮುದ್ರದ ಹಕ್ಕಿಧಾಮ ಎರಡೂ ಇಲ್ಲಿಂದ ದೂರವಿಲ್ಲ. ಬೆಳೆಗೆ ನುಗ್ಗುವ ಹಂದಿ ಓಡಿಸಲು ಇದನ್ನು ತರುತ್ತೇವೆ ಎನ್ನುವವರು ದಯವಿಟ್ಟು ತರಬೇಡಿ. ಅದು ಕಾನೂನಿಗೂ ಸಲ್ಲದು, ಅಷ್ಟು ದೊಡ್ಡ ಪ್ರಾಣಿಗೆ ಈ ಶಕ್ತಿ ಸಾಲದು, ಗಾಯಗೊಂಡ ಹಂದಿ ಇನ್ನೂ ಅಪಾಯ.

ಲೈಸೆನ್ಸ್ ಇಲ್ಲದೆ ನಮಗೆ ಉಳಿದಿರುವ ಜಾಗ ಇಷ್ಟು: 4.5 ಮಿ.ಮೀ. ಮೀರದ ಬೋರು, 20 ಜೂಲ್ ಮೀರದ ಶಕ್ತಿಯ ಏರ್ ರೈಫಲ್. ಶಕ್ತಿಯ ಲೆಕ್ಕ ಕಷ್ಟವಲ್ಲ. ಪೆಲೆಟ್ಟಿನ (ಇದರಲ್ಲಿ ಹೊಡೆಯುವ ಚಿಕ್ಕ ಸೀಸದ ಗುಂಡು) ತೂಕವನ್ನು ಕಿಲೋದಲ್ಲಿ, ವೇಗವನ್ನು ಸೆಕೆಂಡಿಗೆ ಮೀಟರಿನಲ್ಲಿ ತೆಗೆದುಕೊಂಡು, ವೇಗದ ವರ್ಗವನ್ನು ತೂಕದಿಂದ ಗುಣಿಸಿ ಅರ್ಧ ಮಾಡಿದರೆ ಜೂಲ್ ಸಿಗುತ್ತದೆ. 0.53 ಗ್ರಾಂ ಪೆಲೆಟ್ 175 ಮೀಟರ್ ವೇಗದಲ್ಲಿ ಹೋದರೆ ಸುಮಾರು 8 ಜೂಲ್. ಅದೇ ಪೆಲೆಟ್ 250 ಮೀಟರ್ ವೇಗದಲ್ಲಿ ಹೋದರೆ ಹದಿನಾರೂವರೆ. ಕೊಳ್ಳುವಾಗ ಜನ ಮೊದಲು ಕೇಳುವ ಪ್ರಶ್ನೆ «ಎಷ್ಟು ಪವರ್?» ಎನ್ನುವುದೇ. 10 ಮೀಟರ್ ಗುರಿಗೆ ಬಂದರೆ ಇದಕ್ಕಿಂತ ಕೆಲಸಕ್ಕೆ ಬಾರದ ಪ್ರಶ್ನೆ ಇಲ್ಲ. ಅಂತರರಾಷ್ಟ್ರೀಯ ಸ್ಪರ್ಧೆಯ ಲಕ್ಷಗಟ್ಟಲೆ ಬೆಲೆಯ ರೈಫಲ್‌ಗಳೇ ಏಳೆಂಟು ಜೂಲ್‌ನಲ್ಲಿ ಕೆಲಸ ಮಾಡುತ್ತವೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ 10 ಮೀಟರ್ ಏರ್ ರೈಫಲ್ ವಿಭಾಗದಲ್ಲಿ. ಆ ಗುರಿಯ ಹತ್ತರ ಚುಕ್ಕೆಯ ವ್ಯಾಸ ಬರೀ ಅರ್ಧ ಮಿಲಿಮೀಟರ್, ಒಂಬತ್ತರ ಉಂಗುರ 5.5 ಮಿ.ಮೀ., ಕಪ್ಪು ಭಾಗವೆಲ್ಲ ಸೇರಿ 30.5 ಮಿ.ಮೀ. ಅಲ್ಲಿ ಬೇಕಾದದ್ದು ಬಲವಲ್ಲ, ಪ್ರತಿ ಸಲ ಒಂದೇ ಥರ ಹೊಡೆಯುವ ಗುಣ. ದುಡ್ಡೂ ಅದಕ್ಕೇ ಹೋಗಬೇಕು.

ಡಬ್ಬಿ ಬಂದ ದಿನ ನೋಡಬೇಕಾದದ್ದು ನಳಿಗೆಯ ಕೀಲು. ನಳಿಗೆ ಮುಚ್ಚಿ, ಒಂದು ಕೈಯಲ್ಲಿ ಸಿಲಿಂಡರ್ (ಒಳಗೆ ಸ್ಪ್ರಿಂಗ್ ಇರುವ ಹಿಂದಿನ ಕೊಳವೆ), ಇನ್ನೊಂದರಲ್ಲಿ ನಳಿಗೆ ಹಿಡಿದು ಎಡಬಲಕ್ಕೆ ಅಲ್ಲಾಡಿಸಿ. ಕೂದಲೆಳೆಯಷ್ಟು ಆಟವಿದ್ದರೂ ಕೈಗೆ ಗೊತ್ತಾಗುತ್ತದೆ. ಕೀಲಿನ ಬೋಲ್ಟ್ ಬಿಗಿಸಿದಾಗ ಆಟ ಹೋದರೆ ಸರಿ. ನಳಿಗೆ ಅರ್ಧ ಮಡಚಿ ಬಿಟ್ಟರೆ ತನ್ನ ಭಾರಕ್ಕೇ ಬೀಳದೆ ಅಲ್ಲೇ ನಿಲ್ಲುವಷ್ಟು ಬಿಗಿ ಇರಲಿ. ಬಿಗಿಸಿದರೂ ಆಟ ಹೋಗದಿದ್ದರೆ ಪಕ್ಕದ ವಾಷರ್ ಸವೆದಿದೆ ಅಥವಾ ತೆಳುವಾಗಿದೆ. ಸಂದಿ ತುಂಬಲು ಹಿತ್ತಾಳೆಯ ತೆಳು ತಗಡು (ಶಿಮ್) ಕತ್ತರಿಸಿ ಕೊಡುವುದು ಯಾವ ಲೇತ್ ಅಂಗಡಿಯವರಿಗೂ ಹತ್ತು ನಿಮಿಷದ ಕೆಲಸ. ಈ ಆಟ ಯಾಕೆ ಮುಖ್ಯ ಅಂದರೆ, ರೈಫಲ್ ಜೊತೆ ಬರುವ, ಗುರಿ ಹಿಡಿಯಲು ನೋಡುವ ಸೈಟುಗಳು ಮುಂದಿನದೂ ಹಿಂದಿನದೂ ಸಾಮಾನ್ಯವಾಗಿ ನಳಿಗೆಯ ಭಾಗದ ಮೇಲೇ ಕೂತಿರುತ್ತವೆ. ನಳಿಗೆ ಸ್ವಲ್ಪ ಓರೆಯಾಗಿ ಮುಚ್ಚಿಕೊಂಡರೂ ಅವೂ ಜೊತೆಗೇ ಓರೆಯಾಗುವುದರಿಂದ ಗುರಿ ಅಷ್ಟಾಗಿ ಕೆಡುವುದಿಲ್ಲ. ಸ್ಕೋಪ್ ಕೂರುವುದು ಸಿಲಿಂಡರ್ ಮೇಲೆ. ಅದಕ್ಕೆ ನಳಿಗೆ ಎತ್ತ ತಿರುಗಿದೆ ಎನ್ನುವುದು ಗೊತ್ತೇ ಆಗುವುದಿಲ್ಲ. «ಸ್ಕೋಪ್ ಹಾಕಿದ ಮೇಲೇ ಕೆಟ್ಟಿತು» ಎನ್ನುವ ದೂರುಗಳಲ್ಲಿ ಬಹಳಷ್ಟರ ಮೂಲ ಈ ಕೀಲು.

ಆಮೇಲೆ ನಳಿಗೆಯ ಬುಡದ ಸೀಲ್. ಸಣ್ಣ ಓ ರಿಂಗ್, ನಾಲ್ಕು ಕಾಸಿನ ವಸ್ತು, ಆದರೆ ಸೋರಿದರೆ ಪ್ರತಿ ಹೊಡೆತದ ವೇಗವೂ ಬೇರೆ ಬೇರೆ. ಟಿಶ್ಯೂ ಕಾಗದದ ಚಿಕ್ಕ ತುಂಡನ್ನು ಕೀಲಿನ ಮೇಲೆ, ಸೀಲಿನ ಗೆರೆಗೆ ಅಡ್ಡಲಾಗಿ ಇಟ್ಟು, ಪೆಲೆಟ್ ತುಂಬಿ ಹೊಡೆದು ನೋಡಿ. ಕಾಗದ ಹಾರಿದರೆ ಗಾಳಿ ಸೋರುತ್ತಿದೆ. ಅದೇ ಅಳತೆಯ ರಿಂಗ್ ಹುಡುಕಿ ಹಾಕಿ. ಸ್ವಲ್ಪ ತಗ್ಗಿದ್ದರೆ ಅಡಿಗೆ ಕಾಗದದ ತೆಳು ಬಳೆಯೊಂದನ್ನು ಕೊಡಬಹುದು. ಪೆಲೆಟ್ ಇಲ್ಲದೆ ಖಾಲಿ ಹೊಡೆಯುವುದು ಮಾತ್ರ ಯಾವ ಪರೀಕ್ಷೆಗೂ ಬೇಡ. ಪೆಲೆಟ್ಟಿನ ತಡೆ ಇಲ್ಲದಿದ್ದರೆ ಸ್ಪ್ರಿಂಗ್ ದೂಡುವ ಪಿಸ್ಟನ್‌ಗೆ ಗಾಳಿಯ ದಿಂಬು ಸಿಗದೆ ನೇರವಾಗಿ ಸಿಲಿಂಡರಿನ ಗೋಡೆಗೆ ಅಪ್ಪಳಿಸುತ್ತದೆ.

ಹೊಸ ರೈಫಲ್ ಮೊದಲ ಡಬ್ಬಿ ಪೆಲೆಟ್ ಮುಗಿಯುವವರೆಗೆ ಹೊಗೆ ಕಾರುತ್ತದೆ, ಕೆಲವೊಮ್ಮೆ ಪಟಾಕಿಯಂತೆ ಸದ್ದು ಮಾಡುತ್ತದೆ. ಕಾರ್ಖಾನೆಯಲ್ಲಿ ಹಚ್ಚಿದ ಎಣ್ಣೆ ಪಿಸ್ಟನ್ನಿನ ಮುಂದೆ ಒತ್ತಡದ ಬಿಸಿಗೆ ಹೊತ್ತಿಕೊಳ್ಳುವುದೇ ಇದಕ್ಕೆ ಕಾರಣ. ಅಷ್ಟರಲ್ಲಿ ಗುಂಪು (ಗುರಿಯ ಮೇಲೆ ಬಿದ್ದ ತೂತುಗಳ ಹರವು) ಅಳೆಯಲು ಕೂತರೆ ತಲೆನೋವು ಮಾತ್ರ ಬಂದೀತು. ಸದ್ದು ಜೋರಾಗಿದ್ದರೆ ಪವರ್ ಜಾಸ್ತಿ ಎಂದು ಖುಷಿಪಟ್ಟು ಮತ್ತೆ ಎರಡು ಹನಿ ಹೊಲಿಗೆ ಮಷಿನ್ ಎಣ್ಣೆ ಬಿಡುವವರಿದ್ದಾರೆ. ಅದು ಸೀಲ್ ಸುಡುತ್ತದೆ, ಸ್ಪ್ರಿಂಗ್ ಮುರಿಯುತ್ತದೆ. ಪಿಸ್ಟನ್ನಿನ ಮುಂಭಾಗಕ್ಕೆ ಎಣ್ಣೆ ಬೇಡವೇ ಬೇಡ. ಸ್ಪ್ರಿಂಗಿಗೂ ಪಿಸ್ಟನ್ನಿನ ಹಿಂದಿನ ಪಕ್ಕಗಳಿಗೂ ಮಾಲಿಬ್ಡಿನಮ್ ಡೈಸಲ್ಫೈಡ್ ಇರುವ ಗ್ರೀಸ್ ಬೆರಳಿನಲ್ಲಿ ತೆಳುವಾಗಿ ಹಚ್ಚಿದರೆ ಸಾಕು. ಹೊಡೆದಾಗ ಡಬ್ಬ ತಟ್ಟಿದಂತೆ ಬರುವ ಟಣ್ ಸದ್ದು ಅದರಲ್ಲೇ ಅರ್ಧ ಇಳಿಯುತ್ತದೆ.

ಆದರೆ ಗ್ರೀಸ್ ಹಚ್ಚಲು ರೈಫಲ್ ಬಿಚ್ಚಬೇಕು, ಸಸ್ತಾ ಬಿಲ್ಡ್‌ಗಳು ಕೆಡುವುದೂ ಅಲ್ಲೇ. ಸ್ಪ್ರಿಂಗ್ ಏರಿಸದಿದ್ದರೂ ಒಳಗೆ ಹಲವು ಸೆಂ.ಮೀ. ಒತ್ತಿಯೇ ಕೂತಿರುತ್ತದೆ. ಪಿನ್ ತೆಗೆದ ಕ್ಷಣ ಹಿಂದಿನ ಮುಚ್ಚಳ ಮುಖಕ್ಕೆ ಹಾರುತ್ತದೆ. ಬಡಗಿಗಳ ಉದ್ದದ ಸ್ಯಾಶ್ ಕ್ಲ್ಯಾಂಪಿಗೆ ಮರದ ತೊಟ್ಟಿಲು ಕೂಡಿಸಿ ಸ್ಪ್ರಿಂಗ್ ಕಂಪ್ರೆಸರ್ ಮಾಡಿಕೊಳ್ಳಬಹುದು. ಅದು ಇಲ್ಲದಿದ್ದರೆ ಬಿಚ್ಚಬೇಡಿ, ಕಂಪನಿಯ ಸರ್ವೀಸಿಗೇ ಕಳಿಸಿ. ಇನ್ನೂ ದಪ್ಪ ಸ್ಪ್ರಿಂಗ್ ಹಾಕಿಸುವ ಸಲಹೆಗೆ ಕಿವಿ ಕೊಡುವುದು ಬೇಡ. ಪಿಸ್ಟನ್ ಜೋರಾಗಿ ಬಡಿದು ವಾಪಸ್ ಪುಟಿಯುತ್ತದೆ, ಜರ್ಕ್ ಹೆಚ್ಚುತ್ತದೆ, ಸ್ಕೋಪ್ ಒಡೆಯುತ್ತದೆ. 20 ಜೂಲ್ ದಾಟಿದರೆ ಲೈಸೆನ್ಸ್ ಇಲ್ಲದ ಆಯುಧ ಮನೆಯಲ್ಲಿ ಇಟ್ಟುಕೊಂಡಂತೆಯೂ ಆಗುತ್ತದೆ.

ಟ್ರಿಗರ್ ಈ ದರ್ಜೆಯ ನಿಜವಾದ ದೌರ್ಬಲ್ಯ. ಭಾರ, ಉದ್ದದ ಎಳೆತ, ಯಾವಾಗ ಬಿಡುತ್ತದೆ ಎನ್ನುವ ಸುಳಿವಿಲ್ಲ. ಎಷ್ಟು ಭಾರ ಎಂದು ಅಳೆಯಲು ದುಬಾರಿ ಗೇಜ್ ಬೇಡ. ಸ್ಪ್ರಿಂಗ್ ಏರಿಸಿ, ಪೆಲೆಟ್ ಹಾಕಿ, ಮೂತಿಯನ್ನು ಟ್ರ್ಯಾಪಿನಲ್ಲಿಟ್ಟ (ಪೆಲೆಟ್ ತಡೆದು ಹಿಡಿಯುವ ಡಬ್ಬಿ) ಮಣ್ಣಿನ ಚೀಲಕ್ಕೆ ಒತ್ತಿ ನೆಟ್ಟಗೆ ನಿಲ್ಲಿಸಿ, ಟ್ರಿಗರಿಗೆ ಹುರಿ ಕಟ್ಟಿ ರಾಟೆಯ ಮೇಲಿಂದ ನೀರಿನ ಬಾಟಲಿ ಇಳಿಬಿಡಿ. ಸ್ವಲ್ಪ ಸ್ವಲ್ಪವೇ ನೀರು ತುಂಬುತ್ತ ಬಂದು, ಬಿಟ್ಟಾಗ ತೂಗಿದರೆ ಉತ್ತರ ಸಿಕ್ಕಿತು. ಎರಡು ಕಿಲೋದ ಮೇಲಿದ್ದರೆ ಕೈ ನಡುಗುವುದು ಖಚಿತ. ಹೊಂದಿಕೆಯ ಸ್ಕ್ರೂ ಇದ್ದರೆ ಕಾಲು ಸುತ್ತಿಗಿಂತ ಹೆಚ್ಚು ಒಮ್ಮೆಲೇ ತಿರುಗಿಸದೆ ಕೆಳಗಿಳಿಸಿ. ಪ್ರತಿ ಸಲ ಪೆಲೆಟ್ ತುಂಬಿ, ಮೂತಿ ಟ್ರ್ಯಾಪಿನ ಕಡೆ ಇಟ್ಟು, ಸ್ಟಾಕಿನ (ಹೆಗಲಿಗೆ ಒರಗುವ ಕಟ್ಟಿಗೆಯ ಹಿಡಿ) ಹಿಂಭಾಗಕ್ಕೆ ರಬ್ಬರ್ ಸುತ್ತಿಗೆಯಲ್ಲಿ ತಟ್ಟಿ ನೋಡಿ. ತಟ್ಟಿದಾಗ ಹಾರಿದರೆ ಹಿಂದಕ್ಕೆ ತಿರುಗಿಸಲೇಬೇಕು. ಒಳಗಿನ ಕೊಕ್ಕೆಯನ್ನು ಅರದಿಂದ ಉಜ್ಜಿ ಹಗುರ ಮಾಡುವ ಕೆಲಸ ಮಾತ್ರ ಯಾರ ಕೈಯಲ್ಲೂ ಮಾಡಿಸಬೇಡಿ. ಮೇಲಿನ ಗಟ್ಟಿ ಪದರ ಹೋದರೆ ಮೆತ್ತನೆಯ ಉಕ್ಕು ದಿನದಿನಕ್ಕೂ ಸವೆದು, ಒಂದು ದಿನ ನಳಿಗೆ ಮುಚ್ಚುವಾಗಲೇ ಬಿಟ್ಟುಕೊಳ್ಳುತ್ತದೆ. ಪೆಲೆಟ್ ತುಂಬುವಾಗ ಇನ್ನೊಂದು ಕೈ ನಳಿಗೆಯನ್ನು ಬಿಗಿಯಾಗಿ ಹಿಡಿದೇ ಇರಬೇಕು ಎನ್ನುವುದು ಇದಕ್ಕೇ. ಆಗ ಕೊಕ್ಕೆ ಜಾರಿದರೆ ನಳಿಗೆ ರಪ್ಪನೆ ಮೇಲೆ ಬಂದು ಬೆರಳು ಕತ್ತರಿಸುತ್ತದೆ.

ಸ್ಟಾಕಿನ ವಿಷಯದಲ್ಲಿ ಬಳ್ಳಾರಿಯ ಬೇಸಿಗೆಗೆ ಬೇರೆಯೇ ಲೆಕ್ಕ. ನಲವತ್ತು ಡಿಗ್ರಿ ದಾಟುವ ಒಣ ಸೆಕೆಯಲ್ಲಿ ಕಟ್ಟಿಗೆ ಕುಗ್ಗುತ್ತದೆ, ಸ್ಕ್ರೂ ಸಡಿಲಾಗುತ್ತದೆ, ಮಳೆಗಾಲದಲ್ಲಿ ಮತ್ತೆ ಉಬ್ಬುತ್ತದೆ. ಸ್ಪ್ರಿಂಗ್ ರೈಫಲಿನ ಜರ್ಕ್ ಮುಂದಕ್ಕೂ ಹಿಂದಕ್ಕೂ ಎರಡೂ ಕಡೆ ಇರುವುದರಿಂದ ಸ್ಟಾಕಿನ ಮುಂಭಾಗದ ಎರಡು ಸ್ಕ್ರೂಗಳು ಮೊದಲು ಸಡಿಲಾಗುತ್ತವೆ. ಅವುಗಳ ತಲೆ ಕೂರುವ ತೂತಿಗೆ ಉಕ್ಕಿನ ಕಪ್ ವಾಷರ್ ಹಾಕಿಸಿ, ಸ್ಕ್ರೂವಿನ ಎಳೆಗೆ ನೀಲಿ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲಾಗದಂತೆ ಹಿಡಿಯುವ ಅಂಟು) ಒಂದು ಹನಿ ಬಿಟ್ಟು, ಬೆರಳಿನಲ್ಲಿ ಬಿಗಿಯಾದ ಮೇಲೆ ಕಾಲು ಸುತ್ತು ಮಾತ್ರ ತಿರುಗಿಸಿ. ಕೆಂಪು ಥ್ರೆಡ್‌ಲಾಕರ್ ಬೇಡ. ಅದನ್ನು ಬಿಡಿಸಲು ಕಾಯಿಸಬೇಕು, ಪಕ್ಕದಲ್ಲಿ ಕಟ್ಟಿಗೆ ಇದೆ.

ಉದ್ದ ಸರಿಪಡಿಸುವುದು ಇನ್ನೂ ಮುಖ್ಯ. ಮೊಣಕೈ ಮಡಚಿ ಸ್ಟಾಕಿನ ಹಿಂಭಾಗವನ್ನು ಮೊಣಕೈಯ ಒಳಮಡಿಕೆಗೆ ಇಟ್ಟಾಗ ತೋರುಬೆರಳಿನ ಮೊದಲ ಗಿಣ್ಣು ಟ್ರಿಗರಿಗೆ ಆರಾಮವಾಗಿ ತಾಗಬೇಕು. ಹೆಚ್ಚಿನವರಿಗೆ ಅದು 33ರಿಂದ 35 ಸೆಂ.ಮೀ. ಕಡಿಮೆಯಿದ್ದರೆ 6 ಮಿ.ಮೀ. ಪ್ಲೈವುಡ್ ತುಂಡುಗಳನ್ನು ಒಂದರ ಮೇಲೊಂದು ಸೇರಿಸಿ, ಮೇಲೆ ರಬ್ಬರ್ ಪ್ಯಾಡ್. ಹೆಚ್ಚಿದ್ದರೆ ಬಡಗಿಯ ಗರಗಸ. ಕೆನ್ನೆಯ ಎತ್ತರಕ್ಕೆ ಪರೀಕ್ಷೆ ಸುಲಭ: ಕಣ್ಣು ಮುಚ್ಚಿ ರೈಫಲ್ ಹೆಗಲಿಗೆ ಏರಿಸಿ, ಕೆನ್ನೆ ಒರಗಿಸಿ, ಕಣ್ಣು ತೆರೆಯಿರಿ. ಸೈಟ್ ಕಣ್ಣಿಗಿಂತ ಕೆಳಗೆ ಉಳಿದರೆ ಕೆನ್ನೆ ಎತ್ತರ ಹೆಚ್ಚಾಗಿದೆ, ಕತ್ತು ಎತ್ತಿ ಹುಡುಕಬೇಕಾದರೆ ಕಡಿಮೆಯಾಗಿದೆ. ಸ್ಕೋಪ್ ಹಾಕಿದರೆ ಹೆಚ್ಚುಕಡಿಮೆ ಎಲ್ಲರಿಗೂ ಕಡಿಮೆಯೇ ಆಗುತ್ತದೆ. ಇವಿಎ ಫೋಮ್ ತುಂಡು ಕತ್ತರಿಸಿ, ಚರ್ಮ ಸುತ್ತಿ ಲೇಸಿನಲ್ಲಿ ಕಟ್ಟಿಬಿಟ್ಟರೆ ನೂರು ರೂಪಾಯಿಯೊಳಗೆ ಮುಗಿಯಿತು.

ಹೊಸ ಸ್ಟಾಕೇ ಬೇಕೆನ್ನುವವರು ಬಡಗಿಯ ಹತ್ತಿರ ಹೋಗುವಾಗ ಹಳೆಯದನ್ನು ಮಾದರಿಗೆ ಒಯ್ಯಿರಿ. ಹಳೇ ಮನೆ ಕೆಡವಿದಾಗ ಬಂದ ತೇಗದ ತೊಲೆ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ, ಹಳೆಯ ಕಟ್ಟಿಗೆ ಆಗಬೇಕಾದಷ್ಟು ಒಣಗಿ ತೀರಿದೆ. 5 ಸೆಂ.ಮೀ. ದಪ್ಪ, 15 ಸೆಂ.ಮೀ. ಅಗಲ, 80 ಸೆಂ.ಮೀ. ಉದ್ದದ ಹಲಗೆ ಸಾಕು. ನಾರು ಹಿಡಿಯ ಉದ್ದಕ್ಕೆ ಹರಿದಿರಬೇಕು. ಅಡ್ಡ ಹರಿದಿದ್ದರೆ ಸ್ಟಾಕ್ ಮುರಿಯುವುದು ಅಲ್ಲೇ. ಊರಿನಲ್ಲಿ ಬೇವು ಸುಲಭವಾಗಿ ಸಿಗುತ್ತದೆ ಎಂದು ಹಸಿ ಬೇವಿನಲ್ಲಿ ಕೆತ್ತಿಸಿದರೆ ಎರಡು ತಿಂಗಳಿಗೆ ಬಾಗುತ್ತದೆ. ಸಿಲಿಂಡರ್ ಕೂರುವ ತೋಡಿನಲ್ಲಿ ಮುಂದಿನ ಸ್ಕ್ರೂಗಳ ಬಳಿ ಎರಡು ಕಡೆ ಅರಾಲ್ಡೈಟ್ ಹಾಸಿ ಕೂಡಿಸಿದರೆ ಲೋಹ ಪ್ರತಿ ಸಲ ಒಂದೇ ಜಾಗದಲ್ಲಿ ಕೂರುತ್ತದೆ. ಲೋಹಕ್ಕೆ ಮೊದಲು ಮೇಣದ ಪಾಲಿಶ್ ದಪ್ಪಗೆ ಬಳಿಯುವುದನ್ನು ಮರೆತರೆ ಸ್ಟಾಕೂ ರೈಫಲೂ ಜನ್ಮಕ್ಕೂ ಬೇರೆಯಾಗುವುದಿಲ್ಲ.

ಮೇಲಿನ ಹೊಳಪಿಗೆ ಕಾಯಿಸಿದ ಅಗಸೆ ಎಣ್ಣೆ. ಬಟ್ಟೆಯಲ್ಲಿ ತೆಳುವಾಗಿ ತಿಕ್ಕಿ, ಒಂದು ದಿನ ಬಿಟ್ಟು ಮತ್ತೊಂದು ಪದರ, ಹೀಗೆ ನಾಲ್ಕೈದು. ಶೇಂಗಾ ಎಣ್ಣೆ ಮನೆಯಲ್ಲೇ ಇದೆಯಲ್ಲ ಎನ್ನಬೇಡಿ, ಅದು ಒಣಗುವುದಿಲ್ಲ. ಅಂಟಂಟಾಗಿ ಉಳಿದು ಸಂಡೂರಿನ ಕೆಂಪು ಧೂಳನ್ನೆಲ್ಲ ಮೆತ್ತಿಕೊಳ್ಳುತ್ತದೆ. ಅಗಸೆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳುವುದುಂಟು. ಬಿಡಿಸಿ ಹರವಿ ಒಣಗಿಸಿ.

ಸೈಟಿನ ವಿಷಯದಲ್ಲಿ ನಮ್ಮ ಮತ ಸ್ಪಷ್ಟ: ಸ್ಪರ್ಧೆಯ ಕಡೆ ಹೋಗುವ ಆಸೆಯಿದ್ದರೆ ಸ್ಕೋಪಿಗೆ ಒಂದು ರೂಪಾಯಿಯೂ ಬೇಡ, ಚಿಕ್ಕ ತೂತಿನ ಮೂಲಕ ನೋಡುವ ಪೀಪ್ ಸೈಟ್ ಹಾಕಿಸಿ. 10 ಮೀಟರ್ ಸ್ಪರ್ಧೆಯಲ್ಲಿ ಸ್ಕೋಪಿಗೆ ಅವಕಾಶವೇ ಇಲ್ಲ. ಮುಂದೆ ಉಂಗುರದ ಸೈಟ್, ಅದರೊಳಗೆ ಕಪ್ಪು ಗುರಿ, ಸುತ್ತ ಬಿಳಿಯ ಅಂಚು. ಆ ಬಿಳಿ ಅಂಚು ತೀರಾ ತೆಳುವಾಗುವಷ್ಟು ಚಿಕ್ಕ ಉಂಗುರ ಹಾಕಿದರೆ ಕಣ್ಣು ಬೇಗ ದಣಿಯುತ್ತದೆ. ಹವ್ಯಾಸಕ್ಕೆ ಸ್ಕೋಪೇ ಬೇಕಾದರೆ ಸ್ಪ್ರಿಂಗ್ ಏರ್ ರೈಫಲಿಗೆಂದೇ ಮಾಡಿದ್ದು, ಮುಂದಿನ ಗಾಜಿನ ಹೊಂದಿಕೆ 10 ಗಜದವರೆಗೆ ಇಳಿಯುವುದು, ಇವೆರಡೂ ಇರಬೇಕು. ದೊಡ್ಡ ಬಂದೂಕಿನ 3-9x40 ಸ್ಕೋಪ್ ಸಾಮಾನ್ಯವಾಗಿ 100 ಗಜಕ್ಕೆ ಹೊಂದಿಸಿದ್ದು. 10 ಮೀಟರಿನಲ್ಲಿ ಮಂಜು ಮಂಜಾಗಿ ಕಾಣುವುದಷ್ಟೇ ಅಲ್ಲ, ಕಣ್ಣು ಮಧ್ಯದಿಂದ ಅಂಚಿಗೆ ಸರಿದರೆ ಗುರಿ ಒಂದೂಮುಕ್ಕಾಲು ಸೆಂ.ಮೀ.ವರೆಗೂ ತಪ್ಪಬಲ್ಲದು. ಜೊತೆಗೆ ಆ ಎರಡು ದಿಕ್ಕಿನ ಜರ್ಕಿಗೆ ಒಳಗಿನ ಗಾಜು ಕಳಚಿ ಬರುತ್ತದೆ. ಸಿಲಿಂಡರ್ ಮೇಲಿನ 11 ಮಿ.ಮೀ. ತೋಡಿಗೆ ಒಂದೇ ತುಂಡಿನ ಮೌಂಟ್ (ಸ್ಕೋಪ್ ಹಿಡಿಯುವ ಭಾಗ), ಜಾರದಂತೆ ಸ್ಟಾಪ್ ಪಿನ್ ಇರುವುದನ್ನೇ ಕೇಳಿ ತರಿಸಿ.

ಪೆಲೆಟ್ಟಿಗೆ ಜಿಪುಣತನ ಮಾಡಿದರೆ ಮೇಲಿನದೆಲ್ಲ ನೀರಲ್ಲಿ ಮಾಡಿದ ಹೋಮ. ಕಾಗದದ ಗುರಿಗೆ ಚಪ್ಪಟೆ ಮೂತಿಯ 0.53 ಗ್ರಾಂ ಪೆಲೆಟ್. ಅದು ಅಂಚು ಸ್ವಚ್ಛವಾಗಿ ಕತ್ತರಿಸುತ್ತದೆ, ಎಣಿಸಲು ಸುಲಭ. 25 ಮೀಟರಿಗೆ ಹೋದರೆ ಗುಂಡು ಮೂತಿಯದು. ನಾಲ್ಕೈದು ಬಗೆಯ ಚಿಕ್ಕ ಡಬ್ಬಿ ತರಿಸಿ ಒಂದೇ ಆಸರೆಯಿಂದ ಹತ್ತತ್ತು ಹೊಡೆಯಿರಿ. ಬಗೆ ಬದಲಿಸಿದಾಗ ಈ ಹತ್ತಕ್ಕೆ ಮುಂಚೆ ಇನ್ನೊಂದು ಹತ್ತು ಹೊಡೆದು ಲೆಕ್ಕದಿಂದ ಬಿಟ್ಟುಬಿಡಿ, ನಳಿಗೆ ಹೊಸ ಸೀಸಕ್ಕೆ ಹೊಂದಿಕೊಳ್ಳಬೇಕು. ಗುಂಪಿನ ಹೊರ ಅಂಚಿನಿಂದ ಅಂಚಿಗೆ ಅಳೆದು 4.5 ಮಿ.ಮೀ. ಕಳೆದರೆ ಕೇಂದ್ರದಿಂದ ಕೇಂದ್ರಕ್ಕೆ ಅಳತೆ. ಆಸರೆಯ ಮೇಲೆ 10 ಮೀಟರಿಗೆ 10ರಿಂದ 12 ಮಿ.ಮೀ. ಗುಂಪು ಬಂದರೆ ಈ ಬೆಲೆಗೆ ಒಳ್ಳೆಯ ರೈಫಲ್. ಅಕ್ಕಸಾಲಿಗರ ತಕ್ಕಡಿ ತಂದು ಒಂದೊಂದೇ ಪೆಲೆಟ್ ತೂಗುವ ಚಟ ಕೆಲವರಿಗಿದೆ. 0.02 ಗ್ರಾಂ ವ್ಯತ್ಯಾಸ 10 ಮೀಟರಿನಲ್ಲಿ ಒಂದು ಮಿಲಿಮೀಟರಿಗೂ ಕಡಿಮೆ. ಆ ಸಮಯದಲ್ಲಿ ಬುಡದ ತೆಳು ಅಂಚು ಜಜ್ಜಿದ ಪೆಲೆಟ್ಟುಗಳನ್ನು ಆರಿಸಿ ತೆಗೆದರೆ ಅದಕ್ಕಿಂತ ಹೆಚ್ಚು ಲಾಭ.

ಹಿಡಿಯುವ ರೀತಿಯೂ ಇಲ್ಲಿ ರೈಫಲಿನ ಒಂದು ಭಾಗವೇ. ಸ್ಪ್ರಿಂಗ್ ರೈಫಲನ್ನು ಬಿಗಿಯಾಗಿ ಹಿಡಿಯಬಾರದು, ಗಟ್ಟಿ ಮೇಜಿನ ಮೇಲೆ ನೇರ ಇಡಬಾರದು. ಪೆಲೆಟ್ ಇನ್ನೂ ನಳಿಗೆಯಲ್ಲಿರುವಾಗಲೇ ರೈಫಲ್ ಕದಲಲು ಶುರುವಾಗುತ್ತದೆ, ಆ ಕದಲಿಕೆ ಪ್ರತಿ ಸಲ ಒಂದೇ ಥರ ಇರಬೇಕು. ತೆರೆದ ಅಂಗೈ ಮೇಲೆ ಸ್ಟಾಕಿನ ಮುಂಭಾಗ ಇಟ್ಟು, ಅಂಗೈ ಕೆಳಗೆ ಮೆತ್ತನೆಯ ಚೀಲ. ಆ ಚೀಲಕ್ಕೆ ನಮ್ಮೂರಿನಷ್ಟು ಅನುಕೂಲ ಬೇರೆಲ್ಲಿದೆ? ಜೀನ್ಸ್ ಹೊಲಿಯುವ ಘಟಕಗಳಲ್ಲಿ ಕತ್ತರಿಸಿ ಉಳಿದ ತುಂಡುಗಳು ಚೀಲಗಟ್ಟಲೆ ಸಿಗುತ್ತವೆ. ದಪ್ಪ ಡೆನಿಮ್ ಎರಡು ಪದರ ಹೊಲಿದು ಒಳಗೆ ಸೋಸಿದ ಮರಳು ಮುಕ್ಕಾಲು ತುಂಬಿಸಿ.

ಉಳಿದ ಚೂರುಗಳು ಪೆಲೆಟ್ ಟ್ರ್ಯಾಪಿಗೆ. 3 ಮಿ.ಮೀ. ಎಂ.ಎಸ್. (ಮೆತ್ತನೆಯ ಉಕ್ಕು) ಪ್ಲೇಟನ್ನು ಮೇಲಂಚು ಹೊಡೆಯುವವರ ಕಡೆ ವಾಲುವಂತೆ 45 ಡಿಗ್ರಿಗೆ ಬಾಗಿಸಿ ಡಬ್ಬಿಯೊಳಗೆ ವೆಲ್ಡ್ ಮಾಡಿಸಿ, ಅದರ ಮುಂದೆ ಜೀನ್ಸ್ ಚೂರುಗಳನ್ನು ಒತ್ತಿ ತುಂಬಿದರೆ ಸೀಸ ಪುಟಿಯುವುದಿಲ್ಲ, ಸದ್ದೂ ಇಲ್ಲ. ನಿಂತು ಹೊಡೆಯುವುದಾದರೆ ಗುರಿಯ ಕೇಂದ್ರ ನೆಲದಿಂದ 1.4 ಮೀಟರ್. ಟ್ರ್ಯಾಪಿನ ಹಿಂದೆ ಇಟ್ಟಿಗೆ ಗೋಡೆ ಇರಲೇಬೇಕು. ಮಾಳಿಗೆ ಮೇಲೆ ತೆರೆದ ಕಡೆಗೆ ಹೊಡೆಯುವುದು ಬೇಡ, ತಪ್ಪಿದ ಪೆಲೆಟ್ ನೂರಾರು ಮೀಟರ್ ಹೋಗುತ್ತದೆ. ಕಣ್ಣಿಗೆ ಪ್ಲಾಸ್ಟಿಕ್ ಕನ್ನಡಕ, ಮುಗಿಸಿದ ಮೇಲೆ ಸೋಪಿನಲ್ಲಿ ಕೈ ತೊಳೆಯುವುದು. ಸೀಸದ ಪುಡಿ ಮಕ್ಕಳಿಗೆ ವಿಷ.

ಒಟ್ಟು ಲೆಕ್ಕ ಹಾಕಿದರೆ ರೈಫಲಿಗೆ ಹನ್ನೆರಡು ಸಾವಿರ, ಪೀಪ್ ಸೈಟ್ ಅಥವಾ ಸ್ಕೋಪಿಗೆ ನಾಲ್ಕೈದು, ಪೆಲೆಟ್ ಪರೀಕ್ಷೆಗೆ ಎರಡು, ಬಡಗಿಗೂ ವೆಲ್ಡರಿಗೂ ಸೇರಿ ಎರಡೂವರೆ, ಸೀಲು ಗ್ರೀಸು ವಾಷರಿಗೆ ಐನೂರು. ಇಪ್ಪತ್ತೆರಡು ಸಾವಿರದ ಹತ್ತಿರ. ವಿದೇಶಿ ಸ್ಪರ್ಧಾ ರೈಫಲ್ ಲಕ್ಷ ದಾಟುತ್ತದೆ. ಜಿಲ್ಲಾ ಮಟ್ಟದ ಸ್ಪರ್ಧೆಗೆ ಮಗಳನ್ನೋ ಮಗನನ್ನೋ ತಯಾರು ಮಾಡುವವರು ಮೊದಲ ವರ್ಷ ಇದರಲ್ಲಿ ಕಳೆಯಬಹುದು, ನಂತರ ಪಿಸಿಪಿಗೆ (ಸ್ಪ್ರಿಂಗ್ ಬದಲು ಮೊದಲೇ ಒತ್ತಿ ತುಂಬಿದ ಗಾಳಿಯಿಂದ ಹೊಡೆಯುವ ರೈಫಲ್) ಹೋಗಲೇಬೇಕಾಗುತ್ತದೆ. ಸ್ಪ್ರಿಂಗಿನ ಜರ್ಕ್ ಎಷ್ಟು ಪಳಗಿಸಿದರೂ ಪೂರ್ತಿ ಹೋಗುವುದಿಲ್ಲ.

ಸೆಕೆಂಡ್ ಹ್ಯಾಂಡ್ ಸಿಕ್ಕರೆ ನಾಲ್ಕು ಸಾವಿರ ಉಳಿದೀತು, ಆದರೆ ದುಡ್ಡು ಕೊಡುವ ಮೊದಲು ಸ್ಪ್ರಿಂಗ್ ಏರಿಸಿ ನೋಡಿ. ಗರಗರ ಸದ್ದು ಬಂದರೆ ಸ್ಪ್ರಿಂಗ್ ಬಾಗಿದೆ ಅಥವಾ ಮುರಿದಿದೆ. ನಳಿಗೆಯ ಮೇಲೆ ಉದ್ದಕ್ಕೆ ನೇರ ಪಟ್ಟಿ ಇಟ್ಟು ಬೆಳಕಿಗೆ ಹಿಡಿಯಿರಿ. ಖಾಲಿ ಇದ್ದಾಗ ನಳಿಗೆ ಮಡಚಿಟ್ಟುಕೊಂಡು ಟ್ರಿಗರ್ ಎಳೆದ ರೈಫಲ್‌ಗಳ ನಳಿಗೆ ಮೇಲಕ್ಕೆ ಬಾಗಿರುತ್ತದೆ, ಪಟ್ಟಿಯ ಕೆಳಗೆ ಬೆಳಕು ಕಾಣುತ್ತದೆ. ಸೀರಿಯಲ್ ನಂಬರ್ ಉಜ್ಜಿ ಅಳಿಸಿದ್ದರೆ ಅಥವಾ ಬಿಲ್ ಇಲ್ಲದಿದ್ದರೆ ಎಷ್ಟು ಕಡಿಮೆಗೆ ಕೊಟ್ಟರೂ ಅಲ್ಲೇ ಬಿಟ್ಟು ಬನ್ನಿ.